ನಡುಪಟ್ಟಿ ಬಿಚ್ಚಿದ ದಿನ

ನಡುಪಟ್ಟಿ ಬಿಚ್ಚಿದ ಕೂಡಲೇ, ರೋಮನರ ಪಡೆಯ ಹೊರನಾಡ ಸಿಪಾಯಿ ದಿಝಾಲನ ಅಂಗಿ ಮೊಣಕಾಲಿನ ಕೆಳಕ್ಕೆ ಜಾರಿತು, ಹೆಂಗಸರ ಉಡುಪಿನ ಹಾಗೆ. ನಿಂತವರೆಲ್ಲ ನಕ್ಕರು. ಇಪ್ಪತ್ತನಾಲ್ಕು ವರ್ಷ ಒಟ್ಟಿಗೆ ಉಂಡವರೂ ನಕ್ಕರು.

ತಪ್ಪು ಅವನದೇ. ಮಗಳು ಝಿಯಾಗೆ ಆರು ದಿನದಿಂದ ಸುಡುಜ್ವರ. ಕೋಟೆಯ ಹೊರಗಿನ ಗುಡಿಸಲಲ್ಲಿ ಅವಳ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತು, ಅಲ್ಲಿಂದ ನೇರ ಕಾವಲಿಗೆ ಬಂದವನು ಈಟಿಗೆ ಒರಗಿದಲ್ಲೇ ಕಣ್ಣು ಮುಚ್ಚಿದ್ದ. ರೈನ್ ನದಿಯ ಕಾವಲಲ್ಲಿ ನಿದ್ದೆ ಹೋದವನನ್ನು ಜೊತೆಯವರೇ ದೊಣ್ಣೆಯಲ್ಲಿ ಬಡಿದು ಕೊಲ್ಲುವುದು ರೋಮನರ ಕ್ರಮ. ನೂರಾಳಿನ ನಾಯಕ ಹಳೆಯ ಸೇವೆ ನೋಡಿ ಕನಿಕರಪಟ್ಟ.

"ನಡುಪಟ್ಟಿ ಬಿಚ್ಚಿ ಕೊಡು. ಹೊತ್ತು ಮುಳುಗೋವರೆಗೂ ಕಚೇರಿ ಮುಂದೆ ಈ ಮಣ್ಣಿನ ಹೆಂಟೆ ಹಿಡ್ಕೊಂಡು ನಿಂತಿರು. ಬಾಯಿ ಬಿಡಬೇಡ. ಜಾಗ ಬಿಟ್ಯೋ, ಹಾಜರಿಯಿಂದ ನಿನ್ನ ಹೆಸರು ಹೊಡೆದು ಆಚೆ ಹಾಕ್ತೀನಿ."

ಹಾಗೆ ಆಚೆ ಹಾಕುವುದಕ್ಕೆ ರೋಮನರು ಇಗ್ನೊಮಿನಿಯಾ ಅನ್ನುತ್ತಿದ್ದರು. ಹೆಸರು ಇಲ್ಲವಾಗುವುದು ಎಂದರ್ಥ. ಮುಂದೆ ಇಂಗ್ಲಿಷಿನವರೂ ಹತ್ತು ಜನರೆದುರಿನ ಅವಮಾನಕ್ಕೆ ಅದೇ ಮಾತನ್ನು ಎತ್ತಿಕೊಂಡರು. ದಿಝಾಲನಿಗೆ ಅವಮಾನದ ಚಿಂತೆ ಇರಲಿಲ್ಲ. ಇನ್ನೊಂದು ವರ್ಷ ಕಳೆದರೆ ಸೇವೆ ಮುಗಿದು ಚಕ್ರವರ್ತಿಯ ಕಂಚಿನ ತಗಡು ಬರುವುದಿತ್ತು. ಅದರಲ್ಲಿ ಅವನ ಹೆಸರು, ಕೆಳಗೆ ಹೆಂಡತಿ ಬೆಂಡೀನಾ, ಅದರ ಕೆಳಗೆ ಝಿಯಾ, ಪುಟ್ಟ ಮಗ ತಾರ್ಸ. ತಗಡಿನಲ್ಲಿ ಹೆಸರಿದ್ದರೆ ಮಕ್ಕಳು ರೋಮಿನ ಪ್ರಜೆಗಳು. ಇಲ್ಲದಿದ್ದರೆ ಯಾರು ಬೇಕಾದರೂ ಚಾವಟಿ ಎತ್ತಬಹುದಾದ, ದಿಕ್ಕಿಲ್ಲದ ಕೂಸುಗಳು.

ಬಿಸಿಲೇರಿತು. ಹೆಂಟೆಯ ಮಣ್ಣು ಬೆವರಿಗೆ ಕರಗಿ ಮೊಣಕೈವರೆಗೂ ಇಳಿಯಿತು. ಗೆಳೆಯ ಮುಕತ್ರ ಎದುರಿಗೆ ಬಂದು ನಿಂತ.

"ಏನಮ್ಮ ದಿಝಾಲಮ್ಮ, ಮದುವೆ ಯಾವಾಗ? ಇವತ್ತಿಂದ ನಿಂಗೆ ಗೋಧಿ ಇಲ್ವಂತೆ, ಬರೀ ಬಾರ್ಲಿ. ಲಾಯದಲ್ಲೇ ಹಾಸ್ಕೊಂಬಿಡು, ಕುದುರೆ ಜೊತೆ ಪಂಕ್ತಿ!" ಸುತ್ತಲಿನವರು ನಕ್ಕ ಗದ್ದಲದಲ್ಲಿ ದನಿ ತಗ್ಗಿಸಿದ. "ಮಂಡಿ ಬಿಗೀಬೇಡ ಕಣೋ, ತಲೆ ಸುತ್ತಿ ಬಿದ್ಹೋಗ್ತೀಯ."

ಮಧ್ಯಾಹ್ನದ ಹೊತ್ತಿಗೆ ದಿಝಾಲನಿಗೆ ತಡೆಯದಾಯಿತು. ಮಗು ಅಪ್ಪಾ ಅಂದಂತೆ ಕಿವಿಯಲ್ಲಿ ಕೇಳುತ್ತಲೇ ಇತ್ತು. ತಗಡು ಹಾಳಾಗಿ ಹೋಗಲಿ, ಒಂದು ಸಲ ಅವಳ ಮುಖ ನೋಡಿದರೆ ಸಾಕು. ಬಲಗಾಲಿನ ಹಿಮ್ಮಡಿ ಎತ್ತಿಯೂ ಬಿಟ್ಟಿದ್ದ. ಅಷ್ಟರಲ್ಲಿ ಕೋಟೆಯ ಬಾಗಿಲ ಕಡೆಯಿಂದ ಬೆಂಡೀನಾ ಬಂದಳು, ಆ ಸೆಕೆಯಲ್ಲೂ ತಲೆತುಂಬ ಶಾಲು ಹೊದ್ದು. ಗಂಡನ ಕಡೆ ತಿರುಗದೆ ಮುಕತ್ರನಿಗೆ ಹೇಳಿದಳು, ಎಲ್ಲರಿಗೂ ಕೇಳುವಷ್ಟು ಜೋರಾಗಿ.

"ಮುಕತ್ರಣ್ಣ, ಮಗೂಗೆ ಜ್ವರ ಬಿಡ್ತು. ಗಂಜಿ ಕುಡಿದ್ಲು. ಅಪ್ಪ ಎಲ್ಲಿ ಅಂದ್ಲು. ಸಾಯಂಕಾಲ ಬರ್ತಾನೆ ಮಲಕ್ಕೋ ಅಂದೆ."

ದಿಝಾಲನ ಹಿಮ್ಮಡಿ ನೆಲಕ್ಕೆ ಇಳಿಯಿತು. ಆಮೇಲಿನ ಬಿಸಿಲು ಅವನಿಗೆ ತಾಗಲೇ ಇಲ್ಲ.

ಹೊತ್ತು ಮುಳುಗಿ ನಾಯಕ ನಡುಪಟ್ಟಿ ಎಸೆದಾಗ ಅದನ್ನು ಕಟ್ಟಿಕೊಳ್ಳುವಷ್ಟೂ ನಿಲ್ಲದೆ ಓಡಿದ. ಗುಡಿಸಲ ಹೊಸ್ತಿಲಲ್ಲಿ ತಾರ್ಸ ಒಬ್ಬನೇ ಕಲ್ಲಾಡುತ್ತಿದ್ದ. ಒಳಗೆ ಬೆಂಡೀನಾ ಒಲೆಯ ಪಕ್ಕ ಕೂತಿದ್ದಳು. ಶಾಲು ತೆಗೆದಿದ್ದಳು. ಸಾವಾದ ಮನೆಯ ಹೆಂಗಸು ಮಾತ್ರ ಬಿಚ್ಚುವ ಕೂದಲು ಹೆಗಲ ಮೇಲೆ ಹರಡಿ, ಬೂದಿ ಮೆತ್ತಿತ್ತು.

"ಯಾವಾಗ?"

"ಬೆಳಿಗ್ಗೆ. ನಿನ್ನ ಪಟ್ಟಿ ಬಿಚ್ಚೋ ಹೊತ್ತಿಗೆ."

"ಗಂಜಿ ಕುಡಿದ್ಲು ಅಂದ್ಯಲ್ಲೇ!"

"ಹೇಳ್ದಿದ್ರೆ ನೀನು ಬಂದ್ಬಿಡ್ತಿದ್ದೆ. ಕಾಲು ಎತ್ತಿದ್ದು ನೋಡ್ದೆ." ಹೊಸ್ತಿಲ ಕಡೆ ಕೈ ತೋರಿಸಿದಳು. "ಇವನೊಬ್ಬ ಇದಾನಲ್ಲ."

ದಿಝಾಲ ಮಗಳ ಪಕ್ಕ ಕುಸಿದ. ಬೆಂಡೀನಾ ಮೆಲ್ಲಗೆ ಕೇಳಿದಳು, "ತಗಡಿನಲ್ಲಿ ಇವಳ ಹೆಸರೂ ಹಾಕ್ತಾರಾ?"

"ಬದುಕಿರೋರದ್ದು ಮಾತ್ರ."

ಅವನ ಅಂಗೈಯಲ್ಲಿ ಹೆಂಟೆಯ ಮಣ್ಣು ಇನ್ನೂ ಒದ್ದೆಯಾಗಿತ್ತು. ಮಗಳನ್ನು ಮುಟ್ಟುವ ಮೊದಲು ಅದನ್ನು ಅಂಗಿಗೆ ಒರೆಸಿಕೊಂಡ, ಮತ್ತೆ ಮತ್ತೆ ಒರೆಸಿಕೊಂಡ.