ಗುಡುಸಾಬನ ದನಿ, ವಿಜಯಪುರದ ದಾನಿ

ನಾನು ಆಡುವ ಹತ್ತು ಮಾತಿನಲ್ಲಿ ಒಂಬತ್ತು ಬುರುಡೆ. ಇದು ಹತ್ತನೆಯದು, ನಂಬಿ.

ಸಿಂದಗಿ ಬಸ್ ನಿಲ್ದಾಣದ ಹೊರಗೆ ಗುಡುಸಾಬ ಕಾಕಾ ಇಪ್ಪತ್ತೆರಡು ವರ್ಷ ಕ್ರೂಸರ್ ಗಾಡಿಗಳಿಗೆ ಜನರನ್ನು ಕೂಗಿದವನು. "ಇಂಡೀ ಇಂಡೀ ಇಂಡೀ! ಬಾಗೇವಾಡಿ, ಮುದ್ದೇಬಿಹಾಳ!" ಗಾಡಿ ತುಂಬಿತೆಂದರೆ ಅದರ ತಗಡಿಗೆ ಎರಡು ಏಟು, ಡ್ರೈವರ್ ಹೊರಡಬೇಕು. ಇಂಡಿ ಇಂಡಿ ಎಂದ ಗಂಟಲನ್ನು ಕ್ಯಾನ್ಸರ್ ಹಿಂಡಿತು. ಹೋದ ತಿಂಗಳು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಕತ್ತಿನ ತೂತಿನಿಂದ ಉಸಿರು, ಪಾಟಿಯ ಮೇಲೆ ಬಳಪದಿಂದ ಮಾತು.

ಸೋಮವಾರದಿಂದ ಕರೆಂಟ್, ಅಂದರೆ ರೇಡಿಯೇಶನ್, ಶುರುವಾಗಲೇಬೇಕು. ತಡವಾದರೆ ರೋಗ ಮರಳುತ್ತದೆ ಎಂದಿದ್ದರು ಡಾಕ್ಟರು. ಖರ್ಚಿಗೆ ವಿಜಯಪುರದ ಒಂದು ದತ್ತಿ ಸಂಸ್ಥೆಗೆ ಅರ್ಜಿ ಹಾಕಿದ್ದೆವು. ದನಿ ಹೋದವನಿಗೆ ದಾನಿಯೇ ದಿಕ್ಕು. ಅರ್ಜಿ ತುಂಬಿದ್ದು ನನ್ನ ಆನ್‌ಲೈನ್ ಅಂಗಡಿಯಲ್ಲಿ. ಕೊಟ್ಟದ್ದು ನನ್ನ ನಂಬರು.

ಶುಕ್ರವಾರ ಫೋನು ಬಂತು. "ದತ್ತಿ ಸಂಸ್ಥೆಯಿಂದ ವಿದ್ಯಾವತಿ ಮಾತಾಡಾಕತ್ತೇನ್ರಿ. ಪೇಶಂಟ್ ಗುಡುಸಾಬ ಅವರs ಏನ್ರಿ?"

ಕಾಲೇಜಿನಿಂದಲೂ ಕಾಕಾನ ದನಿ ತೆಗೆದು ಮಿಮಿಕ್ರಿ ಮಾಡಿ ಚಪ್ಪಾಳೆ ಗಿಟ್ಟಿಸಿದವನು ನಾನು. ನಾಲಿಗೆ ತುರಿಸಿತು.

"ಹೌದ್ರೀ ಮೇಡಂ, ನಾನs ಗುಡುಸಾಬ!"

"ನಿಮ್ಮ ಧ್ವನಿಪೆಟ್ಟಿಗಿ ತಗದಾರೇನ್ರಿ?"

"ಪೂರಾ ತಗದಾರ್ರೀ!"

ಆ ಕಡೆಯಿಂದ ಮೆಲ್ಲಗೆ, "ಹಂಗಾರ ಈಗ ಮಾತಾಡಾಕತ್ತಿದ್ದು ಏನ್ರಿ?"

ಫೋನು ಕಟ್. ಎಂಟು ಸಲ ಹಚ್ಚಿದೆ, ಎತ್ತಲಿಲ್ಲ. ಮಾತಾಡಿದ್ದು ಕಾಕಾ ಎಂದರೆ ರೋಗವೇ ಸುಳ್ಳು. ನಾನು ಎಂದರೆ ಅರ್ಜಿಯೇ ಮೋಸ. ಎರಡೂ ಬಾಗಿಲಿಗೆ ನಾನೇ ಬೀಗ ಜಡಿದು ಒಳಗೆ ನಿಂತಿದ್ದೆ.

ಕಾಕಾನ ಮನೆಗೆ ಹೋಗಿ ಎಲ್ಲ ಒದರಿದೆ. ಹೆಂಡತಿ ಸಾಬೀರಾ ಕಾಕಿ ಲಟ್ಟಣಿಗೆ ಹಿಡಿದೇ ಎದ್ದಳು. "ನಿನ್ನ ಬಾಯಾಗ ಮಣ್ಣ ಬೀಳಲಿ, ಶ್ರೀಶೈಲಾ! ಆತನ ಜೀವಾ ನಿನಗ ನಾಟಕ ಆತೇನೋ?" ಕಾಕಾ ಗೋಡೆಯತ್ತ ಮುಖ ತಿರುಗಿಸಿ ಮಲಗಿದ. ಪಾಟಿಯನ್ನು ಮುಟ್ಟಲೂ ಇಲ್ಲ.

ಕಾಕಿ ತನ್ನ ಫೋನಿನಿಂದ ವಿಡಿಯೊ ಕಾಲ್ ಹಚ್ಚಿದಳು. ಮೂರನೆಯ ಸಲಕ್ಕೆ ವಿದ್ಯಾವತಿ ಕಂಡರು. ಕಾಕಾನ ಕತ್ತು ನೋಡಿದರು.

"ಇವರು ಖರೇನ ಪೇಶಂಟ್. ಆದ್ರ ಮಾತಾಡಿದ ಮುದುಕ ಯಾರು? ಅದು ತಿಳಿಯೂತನಕಾ ಫೈಲ್ ಮುಂದ ಹೋಗಂಗಿಲ್ಲ."

"ನಾನs ರೀ, ಕಾಕಾನ ದನಿ ತಗದು ಮಾತಾಡಿದ್ದೆ," ಎಂದೆ.

"ನಿಮ್ಮ ದನಿ ಹಂಗಿಲ್ಲಲ್ಲ. ತಗೀರಿ ನೋಡೂಣು."

ತೆಗೆಯಲು ಹೋದರೆ ಬರೀ ಗಾಳಿ. ಕೆಮ್ಮಿದೆ, ನೀರು ಕುಡಿದೆ. ಹೊರಟಿದ್ದು ಮೇಕೆಯ ದನಿ.

"ಸಾಕ್ರಿ," ಎಂದರು ವಿದ್ಯಾವತಿ. ಬೆರಳು ಕೆಂಪು ಗುಂಡಿಯತ್ತ ಬಂತು.

ಆಗ ಕಾಕಾ ಎದ್ದು ತಗಡಿನ ಬಾಗಿಲಿಗೆ ಎರಡು ಏಟು ಹಾಕಿದ. ಧಡ್, ಧಡ್.

ನನಗೆ ಗೊತ್ತಿಲ್ಲದೆ ಬಾಯಿ ತೆರೆಯಿತು. "ಇಂಡೀ ಇಂಡೀ ಇಂಡೀ! ಬಾಗೇವಾಡಿ, ಮುದ್ದೇಬಿಹಾಳ! ಒಂದs ಸೀಟ್, ಬರ್ರೀ ಅಕ್ಕಾರs!"

ಕಾಕಿಯ ಕೈಯಿಂದ ಲಟ್ಟಣಿಗೆ ಜಾರಿತು. ಗಂಡನ ದನಿ ಕೇಳಿ ಆಕೆಗೆ ತಿಂಗಳಾಗಿತ್ತು.

ವಿದ್ಯಾವತಿ ನಗು ತಡೆಯಲು ಸೆರಗು ಬಾಯಿಗಿಟ್ಟರು. "ಸೋಮವಾರ ಕಾಕಾರನ್ನ ಕರಕೊಂಡ ಬರ್ರಿ, ಮಂಜೂರ್ ಮಾಡ್ತೇನಿ. ಈ ಮನಶ್ಯಾನ ಬಾಯಿ ಮಾತ್ರ ಕಟ್ಟಿ ತರ್ರಿ."

ಕಾಕಾ ಪಾಟಿಯ ಮೇಲೆ ಬರೆದ: "ನನ್ನ ದನಿ ವಾಪಸ್ ಕೊಡೋ ಭಾಡ್ಯಾ."

ನಾನು ನಕ್ಕೆ, ಕಾಕಿ ಕಣ್ಣೊರೆಸಿಕೊಂಡು ನಕ್ಕಳು. ಕಾಕಾನ ಕತ್ತಿನಿಂದ ಬರೀ ಸುಂಯ್ ಎಂದು ಗಾಳಿ ಬಂತು. ಅದು ಸಾಲದೆಂದು ಆತ ಬಾಗಿಲಿನ ತಗಡನ್ನು ಎರಡೂ ಕೈಯಿಂದ ಬಡಿಬಡಿದು ನಕ್ಕ. ಗಾಡಿ ಹೊರಟಿತೇನೋ ಎಂದು ಎದುರುಮನೆಯ ಶೆಟ್ಟೆವ್ವ ಕೈಚೀಲ ಹಿಡಿದು ಓಡಿ ಬಂದಳು.