ಬಾತಕ್ಕನ ಫೋಟೊ

ಮಂಚದ ಕೆಳಗಿನಿಂದ ಏಳನೆಯ ಫೋಟೊ ಡಬ್ಬವನ್ನೂ ಎಳೆದು ದರ್ಜಿ ನೆಲದ ಮೇಲೆ ಬೋರಲು ಹಾಕಿದ. ಮತ್ತೆ ಬಾತುಕೋಳಿಗಳೇ! ಕೆಂಪು ಆಕಾಶ, ಕರಿ ಕತ್ತು, ಕರಿ ರೆಕ್ಕೆ.

"ಅಪ್ಪಾ, ಹತ್ತಕ್ಕೆಲ್ಲ ಗಾಡಿ ಬರುತ್ತೆ. ಅಮ್ಮಂದು ಒಂದು ಫೋಟೊನೂ ಸಿಗ್ಲಿಲ್ವಾ?" ಮಗಳು ಬಾಗಿಲಲ್ಲಿ ನಿಂತು ಕೇಳಿದಳು.

"ಇರೋದು ಮದುವೆದೊಂದು. ಅದ್ರಲ್ಲೂ ಕಣ್ಣು ಮುಚ್ಚಿದಾಳೆ. ಯಾವಾಗ್ಲೂ ಕ್ಯಾಮೆರಾ ಹಿಂದೆ ನಿಂತವಳ ಫೋಟೊ ಎಲ್ಲಿಂದ ತರ್ಲಮ್ಮ?"

ನಡುಮನೆಯಲ್ಲಿ ಹೆಂಡತಿಯ ದೇಹವನ್ನು ಮಲಗಿಸಿದ್ದರು. ಫೋಟೊ ಇಡಲೆಂದು ಪಕ್ಕದಲ್ಲಿ ಹಾಕಿದ ಮೇಜು ಬರಿದಾಗಿತ್ತು. ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಎಕ್ಸ್‌ರೇ ತೆಗೆದವಳು ಅವಳು. ರಜೆ ಬಂತೆಂದರೆ ಸೂರ್ಯನಿಗಿಂತ ಮೊದಲು ಕೆರೆಯಲ್ಲಿ ಹಾಜರು. "ವಾರವೆಲ್ಲ ಮೂಳೆ, ಭಾನುವಾರ ರೆಕ್ಕೆ" ಎಂದು ತಾನೇ ನಗುತ್ತಿದ್ದಳು. ಕೆರೆಯ ಕಡೆಯವರಿಗೆಲ್ಲ ಅವಳು ಬಾತಕ್ಕ.

*

ಮದುವೆಯಾದ ಹೊಸತರಲ್ಲಿ ಅವನನ್ನೂ ಕರೆದೊಯ್ದು ಜೊಂಡಿನ ನಡುವೆ ಕೂರಿಸಿದ್ದಳು. ಸೂರ್ಯ ನೀರಿನಂಚಿನಿಂದ ತಲೆಯೆತ್ತಿದ. ಒಂದು ಬಾತು ಈಜುತ್ತ ಈಜುತ್ತ ಸೂರ್ಯನ ನಟ್ಟನಡುವಿಗೇ ಬಂತು. ಅವಳು ಉಸಿರು ಬಿಗಿಹಿಡಿದಳು. ಇವನಿಗೆ ಸೀನು ಬಂತು. ಅದೇನು ಸಾಮಾನ್ಯ ಸೀನೇ? ಕೆರೆಗೆ ಕೆರೆಯೇ ಎದ್ದು ಹಾರಿತು.

ಇನ್ನು ನನ್ನನ್ನು ಹರಿದು ತಿನ್ನುತ್ತಾಳೆ ಎಂದುಕೊಂಡ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಮುಂದಿನ ವಾರಾನೂ ಬನ್ನಿ. ಆದ್ರೆ ಮೂಗು ಮನೇಲಿ ಬಿಟ್ಟು ಬನ್ನಿ."

*

ಕೆರೆಯ ದೋಣಿಯವನು ಓಡುತ್ತಲೇ ಬಂದ. ಕಂಕುಳಲ್ಲಿ ಕಾಗದ ಸುತ್ತಿದ ಚೌಕಟ್ಟು.

"ಯಜಮಾನ್ರೇ, ಹೋದ ತಿಂಗಳು ನನ್ನ ಫೋನಲ್ಲಿ ತೆಗ್ದಿದ್ದು. ನನ್ನ ದೋಣಿ ಹುಟ್ಟು ಸದ್ದು ಮಾಡ್ತು ಅಂತ ಬಾತಕ್ಕ ತಿರುಗಿದ್ರು, ಒತ್ತಿಬಿಟ್ಟೆ. ಬೆಳಿಗ್ಗೆ ಅಂಗಡಿಯವನನ್ನ ಎಬ್ಬಿಸಿ ದೊಡ್ಡದು ಮಾಡಿಸ್ದೆ."

ಮಗಳು ಕಾಗದ ಬಿಚ್ಚಿದಳು. ಬೆನ್ನ ಹಿಂದೆ ಸೂರ್ಯ. ಮೊಣಕಾಲುದ್ದ ನೀರಿನಲ್ಲಿ ಅವಳು, ಅರೆ ತಿರುಗಿ, ಪೂರ್ತಿ ಕಪ್ಪಾಗಿ. ಒಂದು ಕೈಯಲ್ಲಿ ಕ್ಯಾಮೆರಾ. ಇನ್ನೊಂದು ಕೈಯ ಬೆರಳು ತುಟಿಯ ಮೇಲೆ.

"ಮುಖಾನೇ ಕಾಣಲ್ವಲ್ಲಪ್ಪ..."

"ಮೂವತ್ತು ವರ್ಷ ಅವಳ ಅಳತೆ ತಗೊಂಡು ಬಟ್ಟೆ ಹೊಲಿದಿದೀನಿ. ಎಡ ಭುಜ ಒಂದು ಬೆರಳು ಕೆಳಗೆ, ನೋಡು. ಅವಳೇ!" ಎನ್ನುತ್ತ ದರ್ಜಿ ಅದನ್ನು ಮೇಜಿನ ಮೇಲೆ ನಿಲ್ಲಿಸಿದ. ಬೆಳಗಿನಿಂದ ಬಿಗಿದಿದ್ದ ಅವನ ಮುಖ ಸಡಿಲವಾಯಿತು.

ಅಷ್ಟರಲ್ಲಿ, ಗಟ್ಟಿ ಗಂಟಲಿಗೆ ಹೆಸರಾದ ಅವಳ ಅಕ್ಕ ಬೀದಿಗೆಲ್ಲ ಕೇಳುವಂತೆ ಅಳುತ್ತ ಮೆಟ್ಟಿಲೇರಿದಳು. "ಅಯ್ಯೋ ತಂಗೀ, ನನ್ನ ಬಿಟ್ಟು ಎಲ್ಲಿಗೆ ಹೋದ್ಯೇ..."

ಒಳಗೆ ಕಾಲಿಟ್ಟವಳ ಕಣ್ಣು ಫೋಟೊದ ಮೇಲೆ ಬಿತ್ತು. ತೆರೆದ ಬಾಯಿ ತೆರೆದಂತೆಯೇ ನಿಂತು, ಮೆಲ್ಲಗೆ ಮುಚ್ಚಿತು. ಬಗ್ಗಿ ಚಪ್ಪಲಿ ಕಳಚಿ ಕೈಗೆತ್ತಿಕೊಂಡಳು. ಸದ್ದಾಗದಂತೆ ತುದಿಗಾಲಲ್ಲಿ ನಡೆದು ಹೋಗಿ ತಂಗಿಯ ಪಕ್ಕದಲ್ಲಿ ಕುಳಿತಳು.