ಎಡಗಣ್ಣಿನ ಗೆರೆ

ಮದುಮಗಳ ಎಡಗಣ್ಣಿನ ರೆಪ್ಪೆಯ ಹತ್ತಿರಕ್ಕೆ ಬಂದ ಕುಂಚ ಅಲ್ಲೇ ನಿಂತಿತು. ಬಲಗಣ್ಣಿನ ಗೆರೆಯೇನೋ ಹೇಗೋ ಮುಗಿದಿತ್ತು. ಈಗ ನಾಗಲಕ್ಷ್ಮಿಯ ಬೆರಳುಗಳು ನಿಲ್ಲದೆ ನಡುಗುತ್ತಿದ್ದವು. ಯಲಹಂಕದ ಆ ಛತ್ರದ ಮೊದಲ ಮಹಡಿಯ ಕೋಣೆಯಲ್ಲಿ ಬೆಳಗಿನ ಬಿಸಿಲು ಆಗಲೇ ಕನ್ನಡಿಯವರೆಗೆ ಬಂದಿತ್ತು. ಮುಹೂರ್ತಕ್ಕೆ ಇನ್ನು ಒಂದೂವರೆ ಗಂಟೆ.

ಒಂಬತ್ತು ವರ್ಷದಲ್ಲಿ ಇನ್ನೂರಕ್ಕೂ ಹೆಚ್ಚು ಮದುವಣಗಿತ್ತಿಯರನ್ನು ಸಿಂಗರಿಸಿದ್ದ ಕೈ ಅದು. ಹನ್ನೊಂದು ತಿಂಗಳ ಹಿಂದೆ ಅವಳದೇ ಮದುವೆಗೆ ಒಂಬತ್ತು ದಿನವಿರುವಾಗ, ವರ ಅಶ್ವತ್ಥ್ ಅವಳ ಸಹಾಯಕಿ ವೇದಾಳನ್ನು ರಿಜಿಸ್ಟರ್ ಮದುವೆಯಾಗಿದ್ದ. ಅಶ್ವತ್ಥ್ ಮದುವೆಗಳ ಫೋಟೋ ತೆಗೆಯುವವನು. ವೇದಾಳಿಗೆ ಕುಂಚ ಹಿಡಿಯುವುದನ್ನು ಕಲಿಸಿದ್ದು ನಾಗಲಕ್ಷ್ಮಿಯೇ. ಅಷ್ಟು ಹೊತ್ತಿಗೆ ತಣಿಸಂದ್ರದ ಮನೆಮನೆಗೂ ಲಗ್ನಪತ್ರಿಕೆ ಹಂಚಿಯಾಗಿತ್ತು. ಆಮೇಲೆ ಅವಳು ಮದುಮಗಳ ಅಲಂಕಾರ ಒಪ್ಪಿಕೊಳ್ಳಲಿಲ್ಲ. ತನ್ನ ಪಾರ್ಲರಿನಲ್ಲಿ ಬಂದವರ ಹುಬ್ಬು ತೀಡಿಕೊಂಡು, ಯಾರ ಜೊತೆಗೂ ಹೆಚ್ಚು ಮಾತಾಡದೆ ದಿನ ಕಳೆದಳು.

ಪ್ರತಿ ಗುರುವಾರ ಗಂಗಾನಗರದ ಆಪ್ತಸಮಾಲೋಚಕಿ ಗಂಗರತ್ನಮ್ಮನವರ ಬಳಿ ಹೋಗುತ್ತಿದ್ದಳು. ಮೊದಲ ಮೂರು ವಾರ ಬರೀ ಅತ್ತಿದ್ದಳು. ಹುಬ್ಬು ತೀಡಿಸಲು ಪಾರ್ಲರಿಗೆ ಬರುತ್ತಿದ್ದ ಪ್ರತಿಭಾ, "ನನ್ನ ಮದುವಿಗೆ ನೀವ ಬರ್ಬೇಕ್ರಿ, ಬ್ಯಾರೆ ಯಾರೂ ಬ್ಯಾಡ" ಎಂದು ಹಟ ಹಿಡಿದಾಗ, ಹಾವೇರಿಯ ಆ ಹುಡುಗಿಯ ಮುಖ ನೋಡಿ ಹೂಂ ಅಂದುಬಿಟ್ಟಿದ್ದಳು. ಗಂಡಿನ ಕಡೆಯವರು ಗೊತ್ತುಮಾಡಿದ ಫೋಟೋಗ್ರಾಫರ್ ಅಶ್ವತ್ಥ್ ಎಂದು ತಿಳಿದದ್ದು ಹೋದ ವಾರ.

"ಈ ಕೆಲ್ಸ ಬಿಟ್ಬಿಡ್ಲಾ ಮೇಡಂ?" ಎಂದು ಆ ಗುರುವಾರ ಕೇಳಿದ್ದಳು.

"ಅದನ್ನ ನಾನ್ ಹೇಳಲ್ಲ" ಎಂದಿದ್ದರು ಗಂಗರತ್ನಮ್ಮ. "ಹೋಗೋದಾದ್ರೆ ಒಂದ್ ಮಾತು. ಕೈ ನಡುಗಿದ್ರೆ ಮುಚ್ಚಿಟ್ಕೋಬೇಡಿ. ನಡುಗ್ತಿದೆ ಅಂತ ಬಾಯ್ಬಿಟ್ಟು ಹೇಳಿ."

ಈಗ ಅದನ್ನು ಹೇಳುವ ಮೊದಲೇ ಛತ್ರದ ಕೋಣೆಯ ಬಾಗಿಲು ತೆರೆಯಿತು. ಹೂವಿನ ತಟ್ಟೆ ಹಿಡಿದು ಬಂದ ಗಂಡಿನ ಸೋದರತ್ತೆ ಸುಬ್ಬಮ್ಮ ಅವಳನ್ನು ನೋಡಿ ಅಲ್ಲೇ ನಿಂತರು. ಅವರದೂ ತಣಿಸಂದ್ರವೇ.

"ಅಯ್ಯೋ, ಇವ್ಳಾ? ಇವಳ್ ಮದ್ವೆ ನಿಂತೋಗಿದ್ದು ಊರ್ಗೆಲ್ಲಾ ಗೊತ್ತು. ಅಂತೋರ್ ಕೈಲಿ ಎಣ್ಣಿಗೆ ಸಿಂಗಾರ ಮಾಡಿಸ್ತಾರಾ? ಇಂಗೆ ಮಾಡೋದಾ ನೀವು?"

ಮೂಲೆಯಲ್ಲಿ ಸೀರೆಯ ನೆರಿಗೆ ಹಿಡಿಯುತ್ತಿದ್ದ ಪ್ರತಿಭಾಳ ತಾಯಿ ರತ್ನಕ್ಕ ತಲೆಯೆತ್ತಿದರು. "ಮೋಸ ಮಾಡಿದಾಂವ ಕೆಳಗ ಕ್ಯಾಮರಾ ಹಿಡ್ಕೊಂಡು ಅಡ್ಡಾಡಾಕತ್ತಾನಲ್ರಿ. ಅವನ್ನ ಕರಸ್ದೋರು ನೀವ. ಅವ ತೆಗದ ಫೋಟೋಕ್ಕ ಇಲ್ಲದ ಮೈಲಿಗಿ ಈಕಿ ಕೈಗ ಎಲ್ಲಿಂದ ಬಂತ್ರಿ?"

ಸುಬ್ಬಮ್ಮ ತಟ್ಟೆಯನ್ನು ಮೇಜಿನ ಮೇಲಿಟ್ಟು ಕುರ್ಚಿಯ ಅಂಚಿಗೆ ಕುಳಿತರು.

ನಾಗಲಕ್ಷ್ಮಿ ಕುಂಚ ಕೆಳಗಿಡಲಿಲ್ಲ. "ಪ್ರತಿಭಾ, ನನ್ನ ಕೈ ನಡುಗ್ತಿದೆ" ಎಂದಳು. ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು. ಅದನ್ನು ಹೇಳಿಬಿಟ್ಟದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು.

"ನಡುಗ್ಲಿ ಬಿಡ್ರಿ" ಎಂದಳು ಪ್ರತಿಭಾ, ಕಣ್ಣು ಮುಚ್ಚಿಕೊಂಡೇ. "ನಂದೂ ಎದಿ ಡವಡವ ಅನ್ನಾಕತ್ತೈತಿ. ಸ್ವಲ್ಪ ತಡೀರಿ, ಇಬ್ರದೂ ನಿಲ್ತೈತಿ."

ಇಬ್ಬರೂ ನಕ್ಕರು. ನಾಗಲಕ್ಷ್ಮಿ ಕಿರುಬೆರಳನ್ನು ಹುಡುಗಿಯ ಕೆನ್ನೆಗೆ ಊರಿ, ಉಸಿರು ಬಿಟ್ಟು, ಒಳಮೂಲೆಯಿಂದ ಕುಂಚ ಎಳೆದಳು. ಗೆರೆ ರೆಪ್ಪೆಯ ಬುಡ ಹಿಡಿದು ಸಾಗಿ, ಕೊನೆಯಲ್ಲಿ ಸಣ್ಣಗೆ ಮೇಲಕ್ಕೆ ತಿರುಗಿತು. ಒರೆಸುವಂಥದ್ದು ಏನೂ ಇರಲಿಲ್ಲ.

ಆಗಲೇ ಬಾಗಿಲು ತಟ್ಟಿ ಅಶ್ವತ್ಥ್ ಒಳಗೆ ಬಂದ. ಕೊರಳಲ್ಲಿ ಎರಡು ಕ್ಯಾಮರಾ. ಅವಳನ್ನು ಕಂಡು ಅವನ ಮುಖ ಬಿಳಿಚಿತು.

"ಲಕ್ಷ್ಮೀ... ನೀನಿರ್ತೀಯ ಅಂತ ಗೊತ್ತಿರ್ಲಿಲ್ಲ ಕಣೇ. ಅವತ್ತು ನಾನು..."

"ಹೊರಗೆ ನಿಂತ್ಕೊಳಿ" ಎಂದಳು ನಾಗಲಕ್ಷ್ಮಿ. ದನಿ ಏರಲಿಲ್ಲ. "ನನ್ನ ಕೆಲ್ಸ ಮುಗಿದಿಲ್ಲ. ಮುಗಿದ್ಮೇಲೆ ಕರೀತೀನಿ."

ನಾಲ್ಕು ವರ್ಷ ಏಕವಚನದಲ್ಲೇ ಕರೆದವಳ ಬಾಯಲ್ಲಿ ಬಂದ ಆ ಬಹುವಚನ ಕೇಳಿ ಅವನು ಹಿಂದೆ ಸರಿದು ಬಾಗಿಲೆಳೆದುಕೊಂಡ. ಇಪ್ಪತ್ತು ನಿಮಿಷ ಕಾರಿಡಾರಿನಲ್ಲೇ ನಿಂತಿದ್ದ. ಒಳಗೆ ಅವಳು ಅವಸರಪಡಲಿಲ್ಲ. ಬೈತಲೆಬೊಟ್ಟು ಸರಿಮಾಡಿದಳು, ಜಡೆಗೆ ಮೊಗ್ಗು ಸುತ್ತಿದಳು, ತುಟಿಯ ಬಣ್ಣ ಸಾಲದೆನಿಸಿ ಇನ್ನೊಮ್ಮೆ ಹಚ್ಚಿದಳು. ಹಾಗೆ ಹಚ್ಚುವಾಗ, ಯಾವುದೋ ಹಳೆಯ ರಾಗವನ್ನು ತಾನು ಗುನುಗುತ್ತಿದ್ದೇನೆಂದು ಅವಳಿಗೆ ಗೊತ್ತಾಯಿತು.

"ಬನ್ನಿ" ಎಂದು ಬಾಗಿಲು ತೆರೆದಳು.

ಅಶ್ವತ್ಥ್ ಕ್ಯಾಮರಾಕ್ಕೆ ಕಣ್ಣಿಟ್ಟು ಬಹಳ ಹೊತ್ತು ನೋಡಿದ. "ಕಣ್ಣು ತುಂಬಾ ಚೆನ್ನಾಗ್ ಬಂದಿದೆ" ಎಂದ ಮೆಲ್ಲಗೆ.

"ಗೊತ್ತು" ಎಂದಳು ನಾಗಲಕ್ಷ್ಮಿ.

ಸುಬ್ಬಮ್ಮ ಕನ್ನಡಿಯಲ್ಲಿ ಮದುಮಗಳನ್ನೇ ದಿಟ್ಟಿಸುತ್ತಿದ್ದರು. ಎದ್ದು ಬಂದು, ತಟ್ಟೆಯಲ್ಲಿದ್ದ ಮಲ್ಲಿಗೆಯಿಂದ ಒಂದು ಮೊಳ ಹರಿದು, ನಾಗಲಕ್ಷ್ಮಿಯ ಕೈಗಿಟ್ಟು ಹೊರಟರು.

ತಾಳಿ ಕಟ್ಟುವಾಗ ಅವಳು ಮಂಟಪದ ಎದುರು ಎರಡನೇ ಸಾಲಿನಲ್ಲಿ ನಿಂತು, ಎರಡೂ ಕೈ ತುಂಬ ಅಕ್ಷತೆ ಎಸೆದಳು. ರತ್ನಕ್ಕ ಅವಳ ರಟ್ಟೆ ಹಿಡಿದು ಊಟದ ಮೊದಲ ಪಂಕ್ತಿಗೇ ಎಳೆದುಕೊಂಡು ಹೋದರು. ಎಲೆಯ ತುದಿಗೆ ಬಿಸಿ ಗೋಧಿ ಹುಗ್ಗಿ ಬಿತ್ತು. ಹಿಂದೆಯೇ ತುಪ್ಪದ ಗಿಂಡಿ ಹಿಡಿದು ಬಂದವರು ಒಂದು ಧಾರೆ ಬಿಟ್ಟು, "ಸಾಕೇನ್ರಿ?" ಎಂದು ಕೇಳಿದರು.

"ಇನ್ನೊಂಚೂರು ಹಾಕಿ" ಎಂದಳು ನಾಗಲಕ್ಷ್ಮಿ.

ತುಪ್ಪ ಹುಗ್ಗಿಯ ಮೇಲಿಂದ ಇಳಿದು ಎಲೆಯ ಹಸಿರು ನರಗಳ ನಡುವೆ ಹರಿಯಿತು. ಅದು ಅಂಚು ಮುಟ್ಟುವ ಮೊದಲೇ ಅವಳು ಬೆರಳಿಂದ ಬಳಿದುಕೊಂಡು ಬಾಯಿಗಿಟ್ಟಳು.